ಮಾವನವರ ಷೆಡ್ಡಿಗೆ ಟ್ರಾಕ್ಟರು ಹೊಕ್ಕದ್ದು

ಧೈರ್ಯವಂತರ ಕಥೆ ಬರೆಯುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅಂಜುಬುರುಕರ ಕಥೆ ಬರೆಯುವವರು ಮಾತ್ರ ಯಾರೂ ಇಲ್ಲ. ಬರೆಯಬೇಕಾದವರು ಅಂಜುಬುರುಕರೇ ಆದ್ದರಿಂದ, ಓದಿದವರು ಏನೆಂದುಕೊಳ್ಳುತ್ತಾರೋ ಎಂದು ಹೆದರಿ ಸುಮ್ಮನಾಗಿಬಿಡುತ್ತಾರೆ. ನಾನೂ ಇಷ್ಟು ದಿನ ಸುಮ್ಮನಿದ್ದವನೇ. ನನಗೆ ಯಾವುದರ ಭಯ ಎಂದು ಕೇಳುವುದಕ್ಕಿಂತ ಯಾವುದರ ಭಯವಿಲ್ಲ ಎಂದು ಕೇಳಿದರೆ ಉತ್ತರ ಬೇಗ ಮುಗಿಯುತ್ತದೆ. ಹಸು ಕಂಡರೆ ಭಯ, ಹಸುವಿನ ಹಿಂದೆ ಬರುವ ಕರು ಕಂಡರೂ ಭಯ. ಕ್ಷೌರದವನು ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜಲು ತೊಡಗಿದರೆ ನಾನು ಮನೆದೇವರನ್ನು ನೆನೆಯತೊಡಗುತ್ತೇನೆ. ನನ್ನ ಮದುವೆಯಲ್ಲಿ ತಾಳಿ ಕಟ್ಟುವಾಗ ಕೈ ಹೇಗೆ ನಡುಗಿತೆಂದರೆ, ಪುರೋಹಿತರು ಮಂತ್ರ ನಿಲ್ಲಿಸಿ, "ಹೆದರಬೇಡಿ, ಹುಡುಗಿ ಸಾಧು" ಎಂದು ಸಮಾಧಾನ ಹೇಳಬೇಕಾಯಿತು. ನಾನು ಹೆದರಿದ್ದು ಹುಡುಗಿಗಲ್ಲ. ಅವಳ ಹಿಂದೆ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ ಅವಳ ತಂದೆಗೆ.

ನನ್ನ ಮಾವನವರು ಭದ್ರಾವತಿಯ ಓಲ್ಡ್ ಟೌನಿನವರು. ನಾಲೆಯ ಬಗಲಿನಲ್ಲಿ ಗದ್ದೆ, ಮನೆಯ ಮುಂದೆ ಕಲ್ಲು ಹಾಸಿದ ಅಂಗಳ, ಬಾಯಿ ತುಂಬ ಮೀಸೆ. ಇಡೀ ಊರು ಭದ್ರಾವತಿ ಎಂದರೂ ಅವರು ಮಾತ್ರ ಹಳೆಯ ಹೆಸರು ಬಿಡದೆ ಬೆಂಕೀಪುರ ಎನ್ನುತ್ತಿದ್ದರು. ಅವರ ಬಾಯಲ್ಲಿ ಆ ಹೆಸರು ಕೇಳಿದರೆ ನನಗೆ ಸ್ವಲ್ಪ ಕಾವು ತಾಗಿದಂತಾಗುತ್ತಿತ್ತು. ಅವರು ನನ್ನನ್ನು ಒಂದು ದಿನವೂ ಬೈದವರಲ್ಲ. "ಅಳಿಯಂದಿರೇ" ಎಂದು ಬಹುವಚನದಲ್ಲೇ ಕರೆಯುತ್ತಿದ್ದರು. ಆ ಬಹುವಚನದಲ್ಲಿ ಎಂಥ ಏಕವಚನ ಅಡಗಿರುತ್ತಿತ್ತು ಎಂಬುದು ಅಳಿಯನಾಗಿ ನೋಡಿದವರಿಗೇ ಗೊತ್ತು. ಇಂಥ ಮಾವನವರಿಗೆ ಒಂದು ಹೆಮ್ಮೆಯಿತ್ತು. ಅದು ಅವರ ಮೋಟಾರು ಷೆಡ್ಡು.

ಷೆಡ್ಡಿತ್ತೇ ಹೊರತು ಮೋಟಾರಿರಲಿಲ್ಲ. ಕಾರು ಕೊಳ್ಳಬೇಕೆಂದು ಆಸೆಪಟ್ಟು, ಮೊದಲು ಅದಕ್ಕೊಂದು ಮನೆ ಆಗಲಿ ಎಂದು ಕಟ್ಟಿಸಿದರು. ಅಷ್ಟರಲ್ಲಿ ಯುದ್ಧ ಬಂತು, ಪೆಟ್ರೋಲಿಗೂ ರೇಷನ್ ಬಂತು, ಕಾರಿನ ಮಾತು ಅಲ್ಲಿಗೇ ನಿಂತಿತು. ಷೆಡ್ಡು ಕಟ್ಟಿದವನು ಊರಿನ ಮನೆಗಳಿಗೆಲ್ಲ ಬಾಗಿಲು ಮಾಡಿದ ಆಚಾರಿ. ಬಾಗಿಲು ಎಂದ ಮೇಲೆ ಅವನಿಗೆ ಎಲ್ಲ ಬಾಗಿಲೂ ಒಂದೇ. ಮಾವನವರು ಪುರೋಹಿತರನ್ನು ಕರೆಸಿ, ಆಯ ನೋಡಿಸಿ, ಇಷ್ಟು ಎತ್ತರವಿದ್ದರೆ ಮನೆಗೆ ಶ್ರೇಯಸ್ಸು ಎಂದು ಅವರು ಹೇಳಿದ ಅಳತೆಗೇ ಬಾಗಿಲಿಡಿಸಿದರು. ಆ ಶ್ರೇಯಸ್ಸು ಬಹಳ ಕುಳ್ಳಗಿತ್ತು. ಒಳಗೆ ಹೋಗುವವರೆಲ್ಲ ತಲೆ ಬಗ್ಗಿಸಲೇಬೇಕು. "ನಮ್ಮ ಷೆಡ್ಡಿಗೆ ಎಂಥವನೇ ಬರ್ಲಿ, ತಗ್ಗಿ ಬಗ್ಗಿ ಬರಬೇಕು" ಎಂದು ಮಾವನವರು ಮೀಸೆ ತಿರುವುತ್ತಿದ್ದರು. ಸಾಲದ್ದಕ್ಕೆ ಬಾಗಿಲಿಗೆ ಹೊಸ್ತಿಲನ್ನೂ ಇಡಿಸಿದ್ದರು. ಮೋಟಾರು ಷೆಡ್ಡಿಗೆ ಹೊಸ್ತಿಲು ಯಾಕೆ ಎಂದು ಕೇಳುವ ಧೈರ್ಯ ಯಾರಿಗಿತ್ತು? ಹೊಸ್ತಿಲಿಲ್ಲದ್ದು ಬಾಗಿಲೇ ಅಲ್ಲ, ಅದು ಕಿಂಡಿ ಎಂಬುದು ಅವರ ಮತ. ಒಂದು ಗೇಣು ಎತ್ತರದ ಹಲಸಿನ ಮರದ ಆ ಹೊಸ್ತಿಲಿಗೆ ನಮ್ಮ ಅತ್ತೆಯವರು ಶುಕ್ರವಾರ ಶುಕ್ರವಾರ ಅರಿಶಿನ ಕುಂಕುಮ ಹಚ್ಚಿ, ರಂಗೋಲಿ ಎಳೆದು, ಹೂವಿಡುತ್ತಿದ್ದರು. ಒಳಗಿದ್ದದ್ದು ಮಾತ್ರ ಬತ್ತದ ಮೂಟೆಗಳು ಮತ್ತು ಒಂದು ಮುರುಕು ತೊಟ್ಟಿಲು.

ನಾನು ಆಗ ಶಿವಮೊಗ್ಗದಲ್ಲಿ, ಬೇಸಾಯಕ್ಕೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ಹಂಗಾಮಿ ಎಂದರೆ ಸಾಹೇಬರು ಜೋರಾಗಿ ಸೀನಿದರೂ ಕೆಲಸ ಹೋಗಬಹುದು ಎಂದರ್ಥ. ಯುದ್ಧ ಮುಗಿದ ಕಾಲ. ಊಟಕ್ಕೆ ಅಕ್ಕಿಯಿಲ್ಲ, ಬೆಳೆ ಹೆಚ್ಚಿಸಬೇಕು ಎಂದು ಮೇಲಿನವರಿಗೆ ಅವಸರ. ಆ ಅವಸರದಲ್ಲಿ ನಮ್ಮ ಕಚೇರಿಗೆ ಒಂದು ಟ್ರಾಕ್ಟರು ಬಂತು. ಪುಟ್ಟದು, ಬೂದುಬಣ್ಣದ್ದು, ಮೂತಿಯ ಮೇಲೆ ನೆಟ್ಟಗೆ ನಿಂತ ಒಂದು ಹೊಗೆ ಕೊಳವೆ. ಪುಟ್ಟದು ಎಂದು ಎಲ್ಲರೂ ಮೈದಡವಿದರು. ಅದು ಚಾಲೂ ಆದಾಗ ನಾನು ಕಡತಗಳ ಬೀರುವಿನ ಹಿಂದೆ ಇದ್ದೆ. ಅದನ್ನು ಭದ್ರಾವತಿಯ ಕಡೆಯ ರೈತರಿಗೆ ಗದ್ದೆಯಲ್ಲೇ ಉತ್ತು ತೋರಿಸಬೇಕೆಂದು ಸಾಹೇಬರು ಗೊತ್ತುಮಾಡಿದರು. ಹಿಂದಿನ ದಿನವೇ ಟ್ರಾಕ್ಟರು ಅಲ್ಲಿಗೆ ಹೋಗಿ ತಂಗಬೇಕು. ಆದರೆ ಬಯಲಿನಲ್ಲಿ ನಿಲ್ಲಿಸುವಂತಿಲ್ಲ. ಹೊಸ ಯಂತ್ರ ಕಂಡರೆ ನಮ್ಮ ಜನ ಮೊದಲು ನಮಸ್ಕಾರ ಮಾಡುತ್ತಾರೆ, ಆಮೇಲೆ ಒಳಗೇನಿದೆ ಎಂದು ಬಿಚ್ಚಿ ನೋಡುತ್ತಾರೆ.

"ಭದ್ರಾವತಿಯಲ್ಲಿ ಬೀಗ ಹಾಕೋ ಜಾಗ ಯಾರಿಗಾದ್ರೂ ಗೊತ್ತೇನ್ರೀ?" ಎಂದು ಸಾಹೇಬರು ಕೇಳಿದರು.

ನನ್ನಂಥವನು ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಆದರೆ ಎಲ್ಲರೂ ಸುಮ್ಮನಿದ್ದಾಗ ಆ ಮೌನಕ್ಕೂ ನನಗೆ ಭಯವಾಗುತ್ತದೆ. "ನಮ್ಮ ಮಾವನವರ ಮನೇಲಿ ಮೋಟಾರು ಷೆಡ್ಡಿದೆ ಸಾರ್" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಹೇಬರು ಕನ್ನಡಕ ತೆಗೆದು ನನ್ನನ್ನು ಮೊದಲ ಸಲ ಪೂರ್ತಿಯಾಗಿ ನೋಡಿದರು. "ಭೇಷ್. ಹಾಗಾದ್ರೆ ಅದರ ಜವಾಬ್ದಾರಿ ನಿಮ್ದು. ರಾತ್ರಿ ಬೀಗದೊಳಗಿರಬೇಕು. ಬೆಳಗ್ಗೆ ನಾನು ಬಂದು ನೋಡ್ದಾಗ ಒಂದು ಗೀರು ಬಿದ್ದಿದ್ರೂ, ನೀವು ಮತ್ತೆ ಶಿವಮೊಗ್ಗಕ್ಕೆ ಬರೋ ತೊಂದರೆ ತಗೋಬೇಡಿ. ಮಾವನವರ ಮನೇಲೇ ಇದ್ದುಬಿಡಿ" ಎಂದರು. ಎರಡು ಶಿಕ್ಷೆಗಳಲ್ಲಿ ಯಾವುದು ದೊಡ್ಡದೆಂದು ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ.

ಸಂಜೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದ ನಮ್ಮ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, "ಬಾಗ್ಲು ಸಾಕಾಗುತ್ತೇನ್ರೀ? ನಮ್ಮಪ್ಪನೇ ಬಗ್ಗಿ ಹೋಗ್ತಾರೆ" ಎಂದಳು. ಆ ರಾತ್ರಿ ನನಗೆ ನಿದ್ದೆಯಿಲ್ಲ. ಮರುದಿನ ಕಚೇರಿಯಲ್ಲಿ ಯಾರೂ ನೋಡದಾಗ ಟ್ರಾಕ್ಟರಿನ ಪಕ್ಕದಲ್ಲಿ ನಿಂತು ನೋಡಿದೆ. ದೇವರು ನನ್ನನ್ನು ಕುಳ್ಳಗೆ ಮಾಡಿದ್ದಕ್ಕೆ ಅಂದು ಒಂದು ಕಾರಣ ಸಿಕ್ಕಿತು. ಹೊಗೆ ಕೊಳವೆಯ ತುದಿಯೂ ನನ್ನ ನೆತ್ತಿಯೂ ಸರಿಸಮ! ಅಂದರೆ ನಾನು ಹೋಗುವ ಬಾಗಿಲಲ್ಲಿ ಟ್ರಾಕ್ಟರೂ ಹೋಗುತ್ತದೆ. ಭಾನುವಾರ ರೈಲು ಹತ್ತಿ ಭದ್ರಾವತಿಗೆ ಹೋದೆ. ಮಾವನವರು ಗದ್ದೆಗೆ ಹೋದ ಸಮಯ ನೋಡಿ ಷೆಡ್ಡಿನ ಹೊಸ್ತಿಲು ದಾಟಿ, ಒಳಗಿನ ನೆಲದ ಮೇಲೆ ಬಾಗಿಲಿಗೆ ಒತ್ತಿ ನಿಂತು, ನೆತ್ತಿಯ ಮೇಲೆ ಕೈಯಿಟ್ಟು, ಆ ಕೈಯನ್ನು ಹಾಗೇ ಬಾಗಿಲವಾಡದ ಮೇಲುಪಟ್ಟಿಯ ಕಡೆಗೆ ಚಾಚಿದೆ. ನಾಲ್ಕು ಬೆರಳು ಜಾಗ ಉಳಿಯಿತು. ಜೀವ ತಿರುಗಿ ಬಂದಂತಾಯಿತು. ಅತ್ತೆಯವರು ಕೊಟ್ಟ ಕಾಫಿಯನ್ನು ಅಂದು ಮಾತ್ರ ಆರಾಮವಾಗಿ ಕುಡಿದೆ. ಮಾವನವರ ಒಪ್ಪಿಗೆ ಕೇಳುವ ಕೆಲಸವನ್ನು ಮಾತ್ರ ಹೆಂಡತಿಯ ಕಾಗದಕ್ಕೆ ಬಿಟ್ಟೆ.

ನೀವು ಬುದ್ಧಿವಂತರು, ನನ್ನ ತಪ್ಪು ನಿಮಗಾಗಲೇ ತಿಳಿದಿರಬೇಕು. ಮೇಲುಪಟ್ಟಿ ಇರುವುದು ಹೊಸ್ತಿಲಿನ ನೇರ ಮೇಲೆ. ಅಳೆಯಬೇಕಾದವನು ಹೊಸ್ತಿಲಿನ ಮೇಲೆ ನಿಂತು ಅಳೆಯಬೇಕು. ಆದರೆ ಹೊಸ್ತಿಲಿನ ಮೇಲೆ ನಿಲ್ಲುವವರು ಯಾರು? ತೆವಳುವ ವಯಸ್ಸಿನಿಂದ "ಹೊಸ್ತಿಲು ತುಳೀಬೇಡ" ಎಂದು ಬೆನ್ನಿಗೆ ತಿಂದ ಗುದ್ದುಗಳು ನನ್ನ ಕಾಲುಗಳನ್ನು ತಾವಾಗಿಯೇ ಅದರ ಆಚೆಗೆ ದಾಟಿಸಿದ್ದವು. ಇಂಗ್ಲೆಂಡಿನ ಗುಮಾಸ್ತನಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ.

ಗೊತ್ತಾದ ದಿನ ಡ್ರೈವರ್ ಮುನಿಸಾಮಿ ಟ್ರಾಕ್ಟರು ಹೊಡೆದುಕೊಂಡು ಶಿವಮೊಗ್ಗದಿಂದ ಹೊರಟ. ಅವನು ಭದ್ರಾವತಿಯದೇ ಜನ್ನಾಪುರದವನು, ತಮಿಳು ಮಾತಿನವನು, ತಾಳೆಮರದಂತೆ ಉದ್ದ, ಯಾವುದಕ್ಕೂ ಹೆದರದವನು. ಯಾವುದಕ್ಕೂ ಹೆದರದವರ ಹತ್ತಿರ ಇರುವುದು ನನಗೆ ಇನ್ನೂ ಭಯ. ನಾನು ರೈಲಿನಲ್ಲಿ ಮುಂದೆ ಹೋಗಿ ಕಾದೆ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಟ್ರಾಕ್ಟರು ಓಲ್ಡ್ ಟೌನಿನ ಬೀದಿಗೆ ಬಂತು. ಅದರ ಹಿಂದೆ ಅರ್ಧ ಊರು ಬಂತು. ಮಾವನವರು ಪಂಚೆ ಉಟ್ಟು, ಕೋಟು ತೊಟ್ಟು, ರುಮಾಲು ಸುತ್ತಿ ಬಾಗಿಲಲ್ಲಿ ನಿಂತಿದ್ದರು. ಕಟ್ಟಿಸಿದಂದಿನಿಂದ ಬರಿದಾಗಿದ್ದ ಮೋಟಾರು ಷೆಡ್ಡಿಗೆ ಕೊನೆಗೂ ಒಂದು ಮೋಟಾರು! ಷೆಡ್ಡಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಅತ್ತೆಯವರು ಆರತಿ ತಟ್ಟೆ ಹಿಡಿದು ಮನೆಯ ಒಳಬಾಗಿಲಲ್ಲಿದ್ದರು.

ಮುನಿಸಾಮಿ ಚಕ್ರವನ್ನು ಹೊಸ್ತಿಲ ಹತ್ತಿರ ತಂದಿದ್ದನೋ ಇಲ್ಲವೋ, ಮಾವನವರು ಕೈಯೆತ್ತಿ, "ನಿಲ್ಸಯ್ಯಾ! ಹೊಸ್ತಿಲು ತುಳೀತೀಯಾ?" ಎಂದು ಗುಡುಗಿದರು. ಎಂಜಿನ್ನಿನ ಸದ್ದೂ ಒಂದು ಕ್ಷಣ ಹೆದರಿ ತಗ್ಗಿದಂತಾಯಿತು. ತುಳಿಯದೆ ಹೋಗುವುದು ಹೇಗೆ? ಹನುಮಂತ ಸಮುದ್ರ ಹಾರಿದಂತೆ ಟ್ರಾಕ್ಟರು ಹಾರಲು ಸಾಧ್ಯವೇ? ಉಪಾಯವನ್ನೂ ಮಾವನವರೇ ಹೇಳಿದರು. ಹೊಸ್ತಿಲಿಗೆ ತಾಗದಂತೆ ಆಚೆಗೂ ಈಚೆಗೂ ಇಟ್ಟಿಗೆ ಪೇರಿಸಿ, ಮೇಲೆ ಹಲಗೆ ಹಾಸಿ, ಸೇತುವೆ ಕಟ್ಟಿಸಿದರು. ಜನ ತಲೆದೂಗಿದರು. ನನಗೂ ಅದು ಸರಿಯೆಂದೇ ತೋರಿತು. ಮಾವನವರು ಹೇಳಿದ್ದು ಸರಿಯೆಂದು ತೋರದೆ ಇದ್ದದ್ದು ನನಗೆ ಇಲ್ಲಿಯವರೆಗೆ ಇಲ್ಲ.

ಈಗ ಇನ್ನೊಂದು ತೊಡಕು ಬಂತು. ಟ್ರಾಕ್ಟರಿನ ಮೇಲೆ ಕೂತ ಮುನಿಸಾಮಿಯ ತಲೆ ಬಾಗಿಲಿಗಿಂತ ಮೊಳ ಎತ್ತರ. ಬಗ್ಗೋಣವೆಂದರೆ ಅವನ ಮೊಣಕಾಲು ಆಗಲೇ ಸ್ಟೀರಿಂಗಿಗೆ ತಾಗಿದೆ, ಮಡಚಲು ಜಾಗವಿಲ್ಲ. ಅವನು ಸುತ್ತಲೂ ನಿಂತವರನ್ನು ಒಬ್ಬೊಬ್ಬರನ್ನಾಗಿ ಅಳೆದು ನೋಡಿ, ಕೊನೆಗೆ ನನ್ನ ಮೇಲೆ ಕಣ್ಣಿಟ್ಟ. "ಸಾಮಿ, ನೀವು ಕೂತ್ಕೊಳ್ಳಿ. ನಿಮ್ದು ಅಳತೆ ಕರೆಕ್ಟಾಗಿದೆ."

"ನಾನು... ನನಗೆ ಬರಲ್ಲ ಮಾರಾಯ" ಎಂದೆ.

"ಒಂದೂ ಆಗಲ್ಲ ಸಾಮಿ. ಎಡಗಾಲು ಕ್ಲಚ್ಚು, ಬಲಗಾಲು ಬ್ರೇಕು. ಎರಡೂ ಒತ್ತಿದ್ರೆ ನಿಂತ್ಕೊಳ್ತದೆ. ಮೆಲ್ಲ ಬಿಟ್ರೆ ಹೋಗ್ತದೆ. ಅಷ್ಟೇ ಸಾಮಿ ಇದರೊಳಗೆ."

ಓಡಿಹೋಗೋಣವೆಂದು ಹಿಂದೆ ತಿರುಗಿದೆ. ಹಿಂದೆ ಮಾವನವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ಏನು ಅಳಿಯಂದಿರೇ, ಯೋಚನೆ?" ಎಂದರು. ಟ್ರಾಕ್ಟರಿನ ಭಯ ತಕ್ಕಡಿಯ ಒಂದು ತಟ್ಟೆಯಲ್ಲಿ, ಮಾವನವರ ಭಯ ಇನ್ನೊಂದರಲ್ಲಿ. ಯಾವುದು ಕೆಳಗೆ ಹೋಯಿತೆಂದು ಹೇಳಬೇಕಾಗಿಲ್ಲ. ನಾನು ಹತ್ತಿ ಕೂತೆ. ಕೆಳಗೆ ಎಂಜಿನ್ನು ನಡುಗುತ್ತಿತ್ತು, ಮೇಲೆ ನಾನು ನಡುಗುತ್ತಿದ್ದೆ. ಜನರಿಗೆ ಎರಡೂ ಯಂತ್ರದ ನಡುಕವೆಂದೇ ಕಂಡಿರಬೇಕು.

ಎಡಗಾಲನ್ನು ಕೂದಲೆಳೆಯಷ್ಟು ಸಡಿಲಿಸಿದೆ. ಟ್ರಾಕ್ಟರು ಹಲಗೆ ಹತ್ತತೊಡಗಿತು. ಮುಂದಿನ ಚಕ್ರ ಮೇಲೇರಿತು, ನನ್ನ ಪ್ರಾಣವೂ ಏರಿತು. ಅಷ್ಟರಲ್ಲಿ 'ಟಣ್' ಎಂದಿತು. ತೋರಣದ ಎಲೆ, ಜೇಡರ ಬಲೆ, ಗೆದ್ದಲು ಮಣ್ಣು ಎಲ್ಲ ನನ್ನ ಮುಖದ ಮೇಲೆ ಬಿದ್ದವು. ಹೊಗೆ ಕೊಳವೆ ಮೇಲುಪಟ್ಟಿಗೆ ತಾಗಿ ನಿಂತಿತ್ತು. ಹೊಸ್ತಿಲಿಗೆ ಮರ್ಯಾದೆ ಕೊಡಲು ಹೋಗಿ ನಾವು ಟ್ರಾಕ್ಟರನ್ನೇ ಒಂದು ಗೇಣು ಎತ್ತರ ಮಾಡಿಬಿಟ್ಟಿದ್ದೆವು. ನನ್ನ ನಾಲ್ಕು ಬೆರಳು ಎಲ್ಲಿ ಸಾಲಬೇಕು?

"ಕಾಲು ತೆಗೀಬೇಡಿ ಸಾಮಿ!" ಎಂದು ಕೂಗಿ ಮುನಿಸಾಮಿ ಚಕ್ರಕ್ಕೆ ಒತ್ತು ಕೊಡಲು ಕಲ್ಲು ಹುಡುಕಿಕೊಂಡು ಓಡಿದ. ಎಡಗಾಲು ಬಿಟ್ಟರೆ ಟ್ರಾಕ್ಟರು ಮುಂದೆ ನುಗ್ಗಿ ಕೊಳವೆ ಮುರಿಯುತ್ತದೆ, ಜೊತೆಗೆ ನನ್ನ ನೌಕರಿಯೂ ಮುರಿಯುತ್ತದೆ. ಬಲಗಾಲು ಬಿಟ್ಟರೆ ಇಳಿಜಾರಿನಲ್ಲಿ ಹಿಂದೆ ಉರುಳುತ್ತದೆ, ಹಿಂದೆ ಮಾವನವರಿದ್ದಾರೆ. ಅತ್ತ ದರಿ, ಇತ್ತ ಪುಲಿ ಎಂಬ ಮಾತನ್ನು ನಾನು ಹಲವು ಸಲ ಬಳಸಿದ್ದೇನೆ, ಅರ್ಥವಾದದ್ದು ಅವತ್ತು. ಎರಡೂ ಕಾಲು ಒತ್ತಿ ಹಿಡಿದು ಕೂತೆ. ಆ ಸಮಯಕ್ಕೆ ನನಗೆ ಹಿರಣ್ಯಕಶಿಪುವಿನ ನೆನಪಾಗಬೇಕೇ! ಒಳಗೂ ಅಲ್ಲ, ಹೊರಗೂ ಅಲ್ಲ, ಹೊಸ್ತಿಲಲ್ಲಿ. ಹಗಲೂ ಅಲ್ಲ, ರಾತ್ರಿಯೂ ಅಲ್ಲ, ಮುಸ್ಸಂಜೆಯಲ್ಲಿ. ನೆಲದ ಮೇಲೂ ಅಲ್ಲ, ಆಕಾಶದಲ್ಲೂ ಅಲ್ಲ. ಎಲ್ಲ ಲಕ್ಷಣವೂ ಕೂಡಿಬಂದಿತ್ತು. ನರಸಿಂಹ ಮಾತ್ರ ಬರಬೇಕಾಗಿತ್ತು. ಹಿಂದಿನಿಂದ ಮಾವನವರ ಕೆಮ್ಮು ಕೇಳಿಸಿತು.

ಮುನಿಸಾಮಿ ಕಲ್ಲು ತಂದು ಚಕ್ರಕ್ಕೆ ಕೊಟ್ಟ. ಆದರೂ ನಾನು ಕಾಲು ತೆಗೆಯಲಿಲ್ಲ. ತೆಗೆಯಲು ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಕೆಳಗೆ ಪಂಚಾಯಿತಿ ಸೇರಿತು. "ಮೇಲಿನ ಪಟ್ಟಿ ಕೊಯ್ದುಬಿಡೋಣ" ಎಂದ ಯಾರೋ ಒಬ್ಬ. "ಆಯ ಕೆಡುತ್ತೆ. ನನ್ನ ತಲೆ ಕೊಯ್ದು ಆಮೇಲೆ ಪಟ್ಟಿ ಕೊಯ್ರಿ" ಎಂದರು ಮಾವನವರು. "ಕೊಳವೆ ಬಿಚ್ಚೋಣ" ಎಂದ ಮುನಿಸಾಮಿ. ಮೇಲಿನಿಂದ ನಾನೇ ಕಿರುಚಿದೆ, "ಸಾಹೇಬ್ರ ಅಪ್ಪಣೆ ಇಲ್ದೆ ಒಂದು ಮೊಳೆ ಮುಟ್ಟಬೇಡ ಮಾರಾಯ!" "ಹಲಗೆ ತೆಗೆದ್ರೆ ಸಲೀಸಾಗಿ ಹೋಗ್ತದೆ ಸಾಮಿ" ಎಂದ ಅವನು. "ಹಲಗೆ ತೆಗೆದ್ರೆ ಹೊಸ್ತಿಲು ತುಳಿದಂಗಲ್ವೇನಯ್ಯ? ಲಕ್ಷ್ಮೀನ ತುಳಿಸ್ತೀಯಾ ನನ್ನ ಮನೇಲಿ?" ಎಂದು ಮಾವನವರು ಮತ್ತೆ ಗುಡುಗಿದರು. ಮಾತು ತಿರುಗಿ ತಿರುಗಿ ಅಲ್ಲಿಗೇ ಬಂತು. ಕತ್ತಲಾಗುತ್ತಿತ್ತು. ಬೆಳಗ್ಗೆ ಸಾಹೇಬರು ಬಂದು, ಬಾಗಿಲಲ್ಲಿ ಸಿಕ್ಕಿಕೊಂಡ ಟ್ರಾಕ್ಟರನ್ನೂ ಅದರ ಮೇಲೆ ಒಣಗಿ ಕೂತ ಗುಮಾಸ್ತನನ್ನೂ ನೋಡುವ ದೃಶ್ಯ ಕಣ್ಣಿಗೆ ಕಟ್ಟಿತು. ನಿಜ ಹೇಳುತ್ತೇನೆ, ನನಗೆ ಅಳು ಬಂತು.

ಆಗ ಅತ್ತೆಯವರು ಆರತಿ ತಟ್ಟೆ ಹಿಡಿದುಕೊಂಡೇ ಅಂಗಳಕ್ಕೆ ಇಳಿದು ಬಂದರು. ಗಂಡಸರ ನಡುವೆ ಮಾತಾಡಿದವರೇ ಅಲ್ಲ ಅವರು. ಮುನಿಸಾಮಿಯನ್ನು ಕೇಳಿದರು, "ಏನಪ್ಪಾ, ಇದು ಏನ್ ಮಾಡುತ್ತೆ?"

"ಹೊಲ ಉಳುತ್ತದೆ ಅಮ್ಮಾ."

"ಉಳೋದಾದ್ರೆ ಎತ್ತು ತಾನೆ?" ಎಂದು ಅತ್ತೆಯವರು ಗಂಡನ ಕಡೆ ತಿರುಗಿದರು. "ಏನೂಂದ್ರೆ, ಕೊಟ್ಟಿಗೆ ಹೊಸ್ತಿಲನ್ನ ಎತ್ತುಗಳು ದಿನಾ ತುಳೀತಾವೆ. ಅವಕ್ಕೇನು ದಾಟಿ ಬನ್ನಿ ಅಂತ ಹೇಳ್ತೀವಾ? ಲಕ್ಷ್ಮಿ ಯಾವತ್ತಾದ್ರೂ ಬೇಜಾರು ಮಾಡ್ಕೊಂಡಿದ್ದಾಳಾ? ಹುಡುಗ ಅಲ್ಲಿ ಬೆವೆತು ನೀರಾಗಿದ್ದಾನೆ. ತುಳ್ಕೊಂಡು ಬರ್ಲಿ ಬಿಡಿ."

ಇದಕ್ಕೆ ಪುರೋಹಿತರ ಹತ್ತಿರವೂ ಉತ್ತರವಿರಲಾರದು. ಮಾವನವರು ಮೀಸೆಗೆ ಕೈ ಹಾಕಿದರು, ತೆಗೆದರು. ಅವರ ಸಂಕಟ ಹೊಸ್ತಿಲಿನದಲ್ಲವೆಂದು ನನಗೆ ಮೇಲೆ ಕೂತು ಆಗ ಹೊಳೆಯಿತು.

"ಹಾಗಾದ್ರೆ ನಾನು ಕಟ್ಟಿಸಿದ್ದು ಕೊಟ್ಟಿಗೇನೇನೇ?" ಎಂದರು, ಮೆಲ್ಲನೆ.

"ಈಗ ಒಂದು ರಾತ್ರಿ ಮಟ್ಟಿಗೆ" ಎಂದರು ಅತ್ತೆಯವರು.

ಆ ಮನುಷ್ಯನ ಮುಖ ನೋಡಿ, ಅಷ್ಟು ವರ್ಷದಲ್ಲಿ ಮೊದಲ ಸಲ, ನನಗೆ ಭಯವಾಗುವ ಬದಲು ಪಾಪ ಅನ್ನಿಸಿತು. ಅದು ಬಹಳ ಹೊತ್ತು ಉಳಿಯಲಿಲ್ಲ. ಮಾವನವರು, "ಹಲಗೆ ತೆಗೀರೋ! ಏನು ನೋಡ್ತಾ ನಿಂತಿದ್ದೀರಿ?" ಎಂದು ಅರಚಿದರು, ನನ್ನ ಭಯ ತನ್ನ ಜಾಗಕ್ಕೆ ಬಂದು ಕೂತಿತು.

ಟ್ರಾಕ್ಟರನ್ನು ಎಲ್ಲರೂ ಹಿಡಿದು ಹಿಂದಕ್ಕೆ ಇಳಿಸಿದರು. ಹಲಗೆ, ಇಟ್ಟಿಗೆ ತೆಗೆದರು. ಅತ್ತೆಯವರು ಅದರ ಮೂತಿಗೆ ಅರಿಶಿನ ಕುಂಕುಮವಿಟ್ಟು, ಬೆನ್ನು ತಟ್ಟಿ, ಒಂದು ಹಿಡಿ ಬೆಲ್ಲ ಬೆರೆಸಿದ ಅಕ್ಕಿಯನ್ನೂ ಮುಂದಿಟ್ಟರು. ನಾನು ಮತ್ತೆ ಎಡಗಾಲು ಸಡಿಲಿಸಿದೆ. ಮುಂದಿನ ಚಕ್ರ ಹೊಸ್ತಿಲು ತುಳಿದು ಒಳಗಿನ ನೆಲಕ್ಕೆ ಧೊಪ್ಪನೆ ಬಿತ್ತು. ಆ ಚಕ್ರಕ್ಕಿಂತ ಹಿಂದಿದ್ದ ಕೊಳವೆಯೂ ಅದರೊಡನೆ ತಗ್ಗಿ, ನಾಲ್ಕು ಬೆರಳು ಬಿಟ್ಟು ಪಟ್ಟಿಯ ಕೆಳಗೆ ದಾಟಿತು. ಗೆದ್ದೆ ಎನ್ನುವಷ್ಟರಲ್ಲಿ ಹಿಂದಿನ ದೊಡ್ಡ ಚಕ್ರ ಹೊಸ್ತಿಲು ಹತ್ತಿತು. ಹಿಂದಿನ ಚಕ್ರದ ಹತ್ತಿರವೇ ನನ್ನ ಆಸನ, ಆಸನದ ಮೇಲೆ ನಾನು, ನನ್ನ ಮೇಲೆ ನನ್ನ ತಲೆ! "ಬಗ್ಗಿ ಸಾಮಿ!" ಎಂಬ ಕೂಗು ಕೇಳಿತು. ಸ್ಟೀರಿಂಗಿನ ಮೇಲೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದೆ. ಆಯ ನೋಡಿ ಇಟ್ಟ ಆ ಪಟ್ಟಿ ನನ್ನ ಕೋಟಿನ ಬೆನ್ನನ್ನು ಕತ್ತಿನಿಂದ ಸೊಂಟದವರೆಗೆ ಸವರಿಕೊಂಡು ಹೋಯಿತು. ಕ್ಷೌರದವನ ಕತ್ತಿ ಅದರ ಮುಂದೆ ಏನೂ ಅಲ್ಲ. ಆಮೇಲೆ ಏನೋ ಮೆತ್ತಗೆ ಮೂತಿಗೆ ತಾಗಿ ಟ್ರಾಕ್ಟರು ನಿಂತಿತು. ಕಣ್ಣು ಬಿಟ್ಟರೆ ಬತ್ತದ ಮೂಟೆ. ಬದುಕಿದ್ದೆ. ಮುನಿಸಾಮಿ ಬಂದು ನನ್ನ ಕಾಲುಗಳನ್ನು ಒಂದೊಂದಾಗಿ ಪೆಡಲಿನಿಂದ ಬಿಡಿಸಿದ.

ಬೆಳಗ್ಗೆ ಸಾಹೇಬರು ಬಂದರು. ಷೆಡ್ಡಿನ ಬೀಗ ತೆಗೆಸಿ, ತಗ್ಗಿ ಬಗ್ಗಿ ಒಳಗೆ ಹೋಗಿ, ಸುತ್ತಲೂ ತಡವಿ ನೋಡಿದರು. ಒಂದು ಗೀರಿಲ್ಲ. ಹೊರಗೆ ಬಂದವರು ಬಾಗಿಲನ್ನೊಮ್ಮೆ, ಟ್ರಾಕ್ಟರನ್ನೊಮ್ಮೆ ನೋಡಿ, "ಇದರೊಳಗೆ ಇದನ್ನ ಹೇಗೆ ತೂರಿಸಿದ್ರಿ? ಯಾರು ಹೊಡೆದದ್ದು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾವನವರು ಮುಂದೆ ಬಂದರು. "ನಮ್ಮ ಅಳಿಯಂದಿರೇ ಹೊಡೆದದ್ದು ಸ್ವಾಮಿ. ಡ್ರೈವರೇ ಕೈಲಾಗಲ್ಲ ಅಂದ. ಇವ್ರು ಮಾತ್ರ ಒಂದು ಚೂರೂ ಅಂಜಲಿಲ್ಲ. ಸಿಂಹದಂಗೆ ಕೂತಿದ್ರು" ಎಂದರು. ಮಾವನವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ಬಹುವಚನದಲ್ಲಿ ಏಕವಚನ ಹುಡುಕಿದೆ, ಸಿಗಲಿಲ್ಲ. ನನ್ನ ಕಣ್ಣು ತುಂಬಿತು.

ಸಾಹೇಬರು ನನ್ನ ಭುಜ ತಟ್ಟಿ, "ನಿಮ್ಮಂಥೋರನ್ನೇ ಹುಡುಕ್ತಿದ್ದೆ ಕಣ್ರೀ. ನಿಮ್ಮ ನೌಕರಿ ಕಾಯಂ ಮಾಡೋಕೆ ಮೇಲಕ್ಕೆ ಹೇಳ್ತೀನಿ. ಇನ್ಮೇಲೆ ಪ್ರತಿ ತಾಲೂಕಿಗೂ ಟ್ರಾಕ್ಟರ್ ಜೊತೆ ನೀವೇ ಹೋಗಿ. ಎಲ್ಲಿ ಬಾಗ್ಲು ಕುಳ್ಳಗಿದ್ರೂ ಒಳಗೆ ಬಿಡೋದು ನಿಮ್ದೇ ಕೆಲಸ. ಮೊದ್ಲು ಈಗ ಇದನ್ನ ರಿವರ್ಸಲ್ಲಿ ಹೊರಗೆ ತನ್ನಿ, ನೋಡೋಣ. ಏನ್ರೀ, ಆಗುತ್ತೆ ತಾನೆ?" ಎಂದರು.

ಸಾರ್, ನನಗೆ ಹೆದರಿಕೆ ಎಂದು ಹೇಳಬೇಕೆಂದು ನಿಶ್ಚಯಿಸಿ ತಲೆಯೆತ್ತಿದೆ. ಎದುರಿಗೆ ಮಾವನವರು ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು, ಮುಖದ ತುಂಬ ಹೆಮ್ಮೆ ಹೊತ್ತು ನನ್ನನ್ನೇ ನೋಡುತ್ತಿದ್ದರು. ಹೆದರಿಕೆ ಎಂದು ಹೇಳಲು ಹೆದರಿಕೆಯಾಯಿತು. "ಆಗುತ್ತೆ ಸಾರ್" ಎಂದು ಹೇಳಿ, ಹೋಗಿ ಹತ್ತಿ ಕೂತೆ.